ಅಪ್ಪನ ಇಂಜಿನ್ನಿಗೆ ನಾನು ಬರೆದ ಪೈಪು

ನನ್ನ ಅಣ್ಣ ಇಪ್ಪತ್ತು ವರ್ಷ ಒಂದು ಪೈಪನ್ನು ಹುಡುಕಿದ. ಹಳೆಯ ಉಗಿ ಇಂಜಿನ್ನುಗಳ ನೂರಾರು ಫೋಟೊಗಳಲ್ಲಿ ಭೂತಗನ್ನಡಿ ಹಿಡಿದು ಹುಡುಕಿದ. ಅದು ಎಲ್ಲಿಯೂ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಯಾಕೆಂದರೆ ಆ ಪೈಪನ್ನು ಕುಂಚದಿಂದ ಬರೆದವಳು ನಾನು. ಇಷ್ಟೂ ವರ್ಷ ನಾನು ಬಾಯಿ ಬಿಡಲಿಲ್ಲ.

ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ಬರೆದು ರೂಢಿಯಿಲ್ಲ. ಆದರೆ ನೋಡಿ ರೂಢಿಯಿದೆ. ಹದಿನೈದನೆಯ ವಯಸ್ಸಿನಿಂದ ಮದುವೆಯಾಗುವವರೆಗೆ ಇಚಲಕರಂಜಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಕಿಟಕಿಯ ಪಕ್ಕ ಕುಳಿತು, ಕೂದಲೆಳೆಯಂಥ ಕುಂಚದಿಂದ ಜನರ ಮುಖದ ಕಲೆ ಮುಚ್ಚುವ ರಿಟಚಿಂಗ್ ಕೆಲಸ ಮಾಡುತ್ತಿದ್ದೆ. ಮೈಲಿ ಬೇನೆಯ ಕುಳಿ ತುಂಬುತ್ತಿದ್ದೆ. ಬೋಳು ತಲೆಗೆ ನಾಲ್ಕು ಕೂದಲು ಕೊಡುತ್ತಿದ್ದೆ. ಅಂಗಿ ಮಾತ್ರ ತೊಟ್ಟು ಬಂದವರಿಗೆ ಕೋಟು ತೊಡಿಸುತ್ತಿದ್ದೆ. ಸ್ಟುಡಿಯೋದ ಮಾಲಕರು, ನಿನ್ನ ಕೈಯಲ್ಲಿ ಯಾವ ಮುಖವೂ ಕುರೂಪವಾಗಿ ಉಳಿಯುವುದಿಲ್ಲ ಎನ್ನುತ್ತಿದ್ದರು. ಅದು ನನಗೆ ಸ್ವಲ್ಪ ತಲೆಗೂ ಏರಿತ್ತು.

ಅಪ್ಪ ಮೀರಜ-ಕೊಲ್ಲಾಪುರ ಲೈನಿನ ಸಣ್ಣ ಗೇಜಿನ ಇಂಜಿನ್ನುಗಳಲ್ಲಿ ಫೈರ್‌ಮನ್ ಆಗಿದ್ದ. ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ. ದೊಡ್ಡ ಗೇಜು ಬಂದು ಆ ಇಂಜಿನ್ನುಗಳು ಹೋದ ಮೇಲೆ ಅಪ್ಪ ರೈಲ್ವೆ ಬಿಟ್ಟು ಇಚಲಕರಂಜಿಗೆ ಬಂದ. ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಗಂಜಿ ಹಚ್ಚಿ ಒಣಗಿಸುವ ಕಾರ್ಖಾನೆಗೆ ನಮ್ಮಲ್ಲಿ ಸೈಜಿಂಗ್ ಎನ್ನುತ್ತಾರೆ. ಒಣಗಿಸಲು ಉಗಿ ಬೇಕು, ಉಗಿಗೆ ಬಾಯ್ಲರ್ ಬೇಕು. ಅಪ್ಪ ಆ ಬಾಯ್ಲರಿನ ಮುಂದೆ ನಿಂತ. ನಮ್ಮ ಓಣಿಯ ಎದುರಿಗೇ ಆ ಸೈಜಿಂಗ್. ಮಧ್ಯಾಹ್ನ ಬುತ್ತಿ ಒಯ್ದು ಕೊಡುವವಳು ನಾನು. ಅಪ್ಪ ಉಣ್ಣುವಾಗ ಅವನ ತಲೆಯ ಮೇಲೆ ಒಂದು ದಪ್ಪ ಪೈಪು ಬಾಗಿ ಕೆಳಗೆ ಇಳಿದಿರುತ್ತಿತ್ತು. ಅದರ ನಡುವೆ ಸಣ್ಣ ಗಾಲಿಯಂಥ ತಿರುಗಣಿ. ನಾನು ರೊಟ್ಟಿ ಮುಗಿಯುವುದನ್ನು ಕಾಯುತ್ತ ಆ ಪೈಪನ್ನೇ ನೋಡುತ್ತಿದ್ದೆ.

ನನಗೆ ಇಪ್ಪತ್ತು ತುಂಬಿದಾಗ ಅಪ್ಪ ತೀರಿಹೋದ. ಅಣ್ಣ ಆಗತಾನೆ ಗಡಹಿಂಗ್ಲಜದ ಶಾಲೆಯಲ್ಲಿ ಮಾಸ್ತರನಾಗಿ ಸೇರಿದ್ದ. ಮಣ್ಣು ಮುಗಿಸಿ ಅವನು ಹೋದ ಮೇಲೆ ಅವ್ವ ಅಪ್ಪನ ತಗಡಿನ ಪೆಟ್ಟಿಗೆ ತೆರೆದಳು. ರೈಲ್ವೆಯ ಕಾಗದಗಳ ನಡುವೆ ಅಂಗೈ ಅಗಲದ ಒಂದು ಫೋಟೊ ಸಿಕ್ಕಿತು. ಅದನ್ನು ನಾವು ಯಾರೂ ಕಂಡಿರಲಿಲ್ಲ. ಇಂಜಿನ್ನಿನ ಪಕ್ಕದಲ್ಲಿ ಅಪ್ಪ, ಮುಖದ ತುಂಬ ಮಸಿ. ಅವನ ಹೆಗಲಿಗೆ ಹೆಗಲು ತಾಗಿಸಿ ಡ್ರೈವರ್ ಚಾಚಾ. ಅಪ್ಪ ಅವರ ಕೈಕೆಳಗೇ ವರ್ಷಾನುಗಟ್ಟಲೆ ಕೆಲಸ ಮಾಡಿದ್ದ. ನಾವು ಮಕ್ಕಳು ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆವು.

ಅಪ್ಪನ ಒಂದು ಫೋಟೊ ಸಿಕ್ಕಿದೆ ಎಂದಷ್ಟೇ ಅವ್ವ ಅಣ್ಣನಿಗೆ ಪತ್ರ ಬರೆಸಿದಳು. ಅವನಿಂದ ಉತ್ತರ ಬಂತು. ಫೋಟೊ ಇದ್ದ ಹಾಗೆಯೇ ದೊಡ್ಡದು ಮಾಡಿಸಿರಿ, ತಂಗಿಗೆ ಹೇಳಿರಿ, ಅದರ ಮೇಲೆ ಒಂದು ಹನಿ ಬಣ್ಣವನ್ನೂ ಹಾಕಬಾರದು, ಅದೊಂದೇ ಇರುವುದು. ಆ ಸಾಲನ್ನು ನಾನೇ ಓದಿದೆ.

ಅವ್ವ ಒಪ್ಪಲಿಲ್ಲ. "ಚಾಚಾ ಇನ್ನೂ ಬದುಕ್ಯಾರ. ಬದುಕಿದ್ದವರ ಫೋಟೊಕ್ಕ ಮಾಲಿ ಹಾಕ್ತೀಯೇನ ನೀ? ತೆಗಿ ಅವರನ್ನ ಅಲ್ಲಿಂದ."

"ಹಾಂಗಾದ್ರ ಬರೇ ಅಪ್ಪನ ಮುಖ ದೊಡ್ಡದು ಮಾಡಿಸೋಣು" ಎಂದೆ.

"ಇಂಜಿನ್ ಬಿಟ್ಟು ನಿಮ್ಮಪ್ಪ ಎಲ್ಲಿ ನಿಂತಿದ್ದ? ಇಂಜಿನ್ ಇರಲಿ. ಮುಖ ತೊಳಿ, ಈಬತ್ತಿ ಹಚ್ಚು."

ಗೋಡೆಗೆ ಹಾಕುವ ತೀರಿದವರ ಫೋಟೊದಲ್ಲಿ ಬದುಕಿದವರು ಇರಬಾರದು. ಇದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ಮಾತು. ಸ್ಟುಡಿಯೋದಲ್ಲಿ ನಾನು ಇಂಥವು ಎಷ್ಟೋ ಮಾಡಿದ್ದೆ. ಹೆಂಡತಿಯನ್ನು ತೆಗೆದು ಹೂಕುಂಡ ಇಟ್ಟಿದ್ದೆ, ತಮ್ಮನನ್ನು ತೆಗೆದು ಪರದೆ ಇಳಿಬಿಟ್ಟಿದ್ದೆ. ಆದರೆ ಇಂಜಿನ್ನು ನನಗೆ ಹೊಸದು. ಚಾಚಾ ಇದ್ದಲ್ಲಿ ಬೂದು ಬಣ್ಣ ತುಂಬಿದೆ. ಮನುಷ್ಯ ಹೋದ ಜಾಗ ಬರಿದೋ ಬರಿದು ಕಂಡಿತು. ಏನಾದರೂ ಇರಬೇಕು ಅನ್ನಿಸಿ ಒಂದು ಪೈಪು ಬರೆದೆ. ಮೇಲಿನಿಂದ ಬಾಗಿ ಕೆಳಗಿಳಿಯುವ ಪೈಪು, ನಡುವೆ ಸಣ್ಣ ತಿರುಗಣಿ. ಕೈಗೆ ಬಂದದ್ದು ಅದೇ. ಆಮೇಲೆ ಅಪ್ಪನ ಮುಖದ ಮಸಿ ತೆಗೆದೆ, ಹಣೆಗೆ ಮೂರೆಳೆ ವಿಭೂತಿ ಎಳೆದೆ. ಮಾಲಕರು ಅದರ ಫೋಟೊ ತೆಗೆದು ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಟ್ಟರು. ಹಾಗೆ ಮತ್ತೊಮ್ಮೆ ತೆಗೆದಾಗ ಕುಂಚದ ಗುರುತು ಕರಗಿಹೋಗುತ್ತದೆ. ಹೇಳಲು ನಾಚಿಕೆ, ಆದರೆ ಅದು ನಾನು ಮಾಡಿದ ಅತ್ಯಂತ ಚಂದದ ಕೆಲಸವಾಗಿತ್ತು.

ಅಣ್ಣ ಬಂದು ಕಟ್ಟು ನೋಡಿ ಬಹಳ ಹೊತ್ತು ನಿಂತ. ಅವನಿಗೆ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ. "ಮೂಲ ಫೋಟೊ ಎಲ್ಲಿ?" ಎಂದು ಕೇಳಿದ. ಅದರ ಮೇಲೆ ಬಣ್ಣ ಬಳಿದು ಕೂತಿದ್ದೆನಲ್ಲ, ಹೇಗೆ ಕೊಡಲಿ?

"ಸ್ಟುಡಿಯೋದಾಗ ಕಳೀತು" ಎಂದೆ.

ಅವನು ಬೈಯಲಿಲ್ಲ. ಬೈದಿದ್ದರೆ ಆವತ್ತೇ ಎಲ್ಲ ಹೇಳಿ ಅತ್ತು ಮುಗಿಸುತ್ತಿದ್ದೆನೇನೋ. "ಹೋಗ್ಲಿ ಬಿಡು, ಕಟ್ಟರ ಐತೆಲ್ಲ" ಎಂದ. ಮೂಲ ಫೋಟೊ ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಪೇಪರಿನಲ್ಲಿ ಸುತ್ತಿ ಇತ್ತು.

ಮೊದಲ ವರ್ಷದ ಪೂಜೆಗೆ ಚಾಚಾ ಮೀರಜದಿಂದ ಬಂದರು. ಅಣ್ಣ ಬಂದವರಿಗೆ ಎಲೆ ಹಾಕಿಸುವ ಗಡಿಬಿಡಿಯಲ್ಲಿದ್ದ. ಚಾಚಾ ಗೋಡೆಯ ಮೇಲಿನ ಕಟ್ಟನ್ನು ನೋಡಿ ಹಿತ್ತಲಿಗೆ ಬಂದರು. ನಾನು ಪಾತ್ರೆ ತೊಳೆಯುತ್ತಿದ್ದೆ.

"ಯಾಕ ಬೇಟಿ, ನನ್ನ ಯಾವ ಸ್ಟೇಶನ್‌ದಾಗ ಇಳಿಸಿದಿ?" ಎಂದು ನಗುತ್ತ ಕೇಳಿದರು.

ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಅವರು ಮತ್ತೆ ಆ ಮಾತು ತೆಗೆಯಲಿಲ್ಲ, ಅಣ್ಣನಿಗೂ ಹೇಳಲಿಲ್ಲ. ಕೆಲವು ವರ್ಷಗಳಲ್ಲಿ ಅವರೂ ಹೋದರು, ಅವ್ವನೂ ಹೋದಳು. ಗೊತ್ತಿದ್ದವಳು ನಾನೊಬ್ಬಳೇ ಉಳಿದೆ.

ಅಣ್ಣನಿಗೆ ಇಂಜಿನ್ನುಗಳ ಹುಚ್ಚು ಹಿಡಿದದ್ದು ಬಹಳ ತಡವಾಗಿ. ಹಳೆಯ ಪುಸ್ತಕದಂಗಡಿಗಳಲ್ಲಿ, ರೈಲ್ವೆ ನೌಕರರ ಮನೆಗಳಲ್ಲಿ ಫೋಟೊ ಕೇಳಿ ತರುತ್ತಿದ್ದ, ಸಿಗದಿದ್ದರೆ ಅಲ್ಲೇ ನಕಲು ತೆಗೆಸಿಕೊಳ್ಳುತ್ತಿದ್ದ. ಎಷ್ಟು ಗಾಲಿ, ದೀಪ ಎಲ್ಲಿದೆ, ನೀರಿನ ತೊಟ್ಟಿ ಎಷ್ಟು ಎತ್ತರ ಎಂದು ಒಂದೊಂದರ ಬೆನ್ನಿಗೂ ಸಣ್ಣ ಅಕ್ಷರದಲ್ಲಿ ಬರೆದಿಡುತ್ತಿದ್ದ. ಅವ್ವ ಹೋದ ಮೇಲೆ ತಾನು ಒಯ್ದಿದ್ದ ಅಪ್ಪನ ಕಟ್ಟನ್ನು ಒಂದು ದಿನ ಗೋಡೆಯಿಂದ ಇಳಿಸಿ ಭೂತಗನ್ನಡಿ ಹಿಡಿದ. ಅವತ್ತೇ ನನಗೆ ಫೋನು ಮಾಡಿದ.

"ತಂಗಿ, ಅಪ್ಪನ ಇಂಜಿನ್ನಿಗೆ ಒಂದು ಪೈಪ್ ಐತಿ. ಬ್ಯಾರೆ ಯಾವ ಇಂಜಿನ್ನಿಗೂ ಇಲ್ಲ. ಡ್ರೈವರ್ ನಿಲ್ಲೂ ಗೂಡಿನ ಹೊರಗ ಐತಿ. ಇದನ್ನ ನಮ್ಮ ಮಂದಿನ ಕೂಡಿಸ್ಯಾರ. ಮಳಿಗಾಲದಾಗ ಹಳಿ ಮ್ಯಾಲಿನ ರಾಡಿ ಉಗಿಲೆ ಊದಾಕ ಇರಬೇಕು."

"ಹೌದೇನು?" ಎಂದೆ.

ಕಳೆಯಿತು ಎಂದದ್ದು ಮೊದಲ ಸುಳ್ಳು. ಈ "ಹೌದೇನು" ಎರಡನೆಯದು, ಮೊದಲಿನದಕ್ಕಿಂತ ದೊಡ್ಡದು. ಅವನ ದನಿಯಲ್ಲಿ ಅಷ್ಟು ಖುಷಿ ನಾನು ಎಂದೂ ಕೇಳಿರಲಿಲ್ಲ. ಆ ಪೈಪಿನ ಮೇಲೆ ಅವನು ಒಂದು ಸಣ್ಣ ಮರಾಠಿ ಮಾಸಿಕದಲ್ಲಿ ಲೇಖನ ಬರೆದ. ಗೂಡಿನ ಬದಿಯಲ್ಲಿ ಇರಬೇಕಾದ ನಂಬರಿನ ಫಲಕ ಯಾಕಿಲ್ಲ ಎಂಬುದಕ್ಕೂ ಅದರಲ್ಲಿ ಉತ್ತರ ಕೊಟ್ಟ. ಪೈಪು ಕೂಡಿಸಲು ಫಲಕ ಬಿಚ್ಚಿದ್ದಾರೆ ಎಂದು.

ಹೋದ ವರ್ಷ ಕೊಲ್ಲಾಪುರದಲ್ಲಿ ಹಳೆಯ ರೈಲುಗಳ ಅಭಿಮಾನಿಗಳು ಈ ಲೈನಿನ ಫೋಟೊಗಳ ಪ್ರದರ್ಶನ ಇಡಲು ಹೊರಟರು. ಅವರ ಮುಖ್ಯಸ್ಥರು ರೈಲ್ವೆಯಿಂದ ನಿವೃತ್ತರಾದ ಒಬ್ಬ ಇಂಜಿನಿಯರ್ ಸಾಹೇಬರು. ಅಣ್ಣ ಅಪ್ಪನ ಕಟ್ಟನ್ನು ಒಯ್ದು ಅವರ ಮುಂದಿಟ್ಟ. ಸಾಹೇಬರು ನೋಡಿ, "ಗುರುಜಿ, ಫೋಟೊ ಛಾನ ಆಹೇ. ಪಣ ಹಾ ಪೈಪ್ ಕುಠೂನ ಆಲಾ?" ಎಂದು ಕೇಳಿದರಂತೆ. ಫೋಟೊ ಚೆನ್ನಾಗಿದೆ, ಈ ಪೈಪು ಎಲ್ಲಿಂದ ಬಂತು? ಎಲ್ಲಿಂದಲೂ ಹುಟ್ಟದೆ ಎಲ್ಲಿಗೂ ಹೋಗದ ಪೈಪನ್ನು ತಾವು ಕಂಡಿಲ್ಲ. ನಂಬರೂ ಇಲ್ಲದ್ದರಿಂದ ಇದು ಈ ಲೈನಿನ ಇಂಜಿನ್ನೋ ಅಲ್ಲವೋ ಹೇಳಲಾಗದು. ಅದೇ ಪೈಪು ಇರುವ ಇನ್ನೊಂದು ಫೋಟೊ ತನ್ನಿ, ಇಲ್ಲವಾದರೆ ಇದನ್ನು ಗೋಡೆಗೆ ಹಾಕುವುದಿಲ್ಲ ಎಂದರು. ಎರಡು ವಾರ ಸಮಯ ಕೊಟ್ಟರು.

ಅಣ್ಣ ಅಪ್ಪನ ಕಟ್ಟನ್ನೂ ಎರಡು ರಟ್ಟಿನ ಡಬ್ಬಿಗಳ ತುಂಬ ಫೋಟೊಗಳನ್ನೂ ಹೊತ್ತುಕೊಂಡು ನೇರ ನನ್ನ ಮನೆಗೆ ಬಂದ.

"ನನ್ನ ಕಣ್ಣಿಗೆ ಪೊರೆ ಬಂದೈತಿ. ನಿನ್ನ ಕಣ್ಣು ಹುಟ್ಟಾ ರಿಟಚಿಂಗ್ ಕಣ್ಣು. ನೀ ಹುಡುಕು. ಅಪ್ಪ ಕೊಲ್ಲಾಪುರದ ಗ್ವಾಡಿ ಮ್ಯಾಲ ಇರಬೇಕು, ಅಷ್ಟ."

ಮೂರು ದಿನ ನಾವಿಬ್ಬರೂ ಬಾಗಿಲ ಬೆಳಕಿಗೆ ಚಾಪೆ ಹಾಸಿ ಕೂತು ಫೋಟೊ ನೋಡಿದೆವು. ಪಕ್ಕದ ಮನೆಯ ಮಗ್ಗಗಳ ಸದ್ದಿಗೆ ಇಬ್ಬರೂ ಕೂಗಿ ಮಾತಾಡಬೇಕು. ನನಗೆ ಇಂಜಿನ್ನು ಗೊತ್ತಿಲ್ಲ, ಅವನಿಗೆ ಫೋಟೊದ ಚರ್ಮ ಗೊತ್ತಿಲ್ಲ. ಅವನು ಮೊಳೆ ಎಂದದ್ದನ್ನು ನಾನು ಧೂಳು ಎನ್ನುತ್ತಿದ್ದೆ. ಮೊಳೆಗೆ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು ಇರುತ್ತದೆ. ಸಾಲಿನಲ್ಲಿರುವ ಎಲ್ಲ ಮೊಳೆಗಳಿಗೂ ನೆರಳು ಒಂದೇ ಕಡೆ. ಧೂಳಿಗೆ ನೆರಳಿಲ್ಲ. ಇದನ್ನು ಹೇಳಿದಾಗ ಅವನು ನೋಟಬುಕ್ಕಿನಲ್ಲಿ ಬರೆದುಕೊಂಡ. ಮಾಸ್ತರ ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದರೆ ನಾನು ಅವನತ್ತ ನೋಡದೆ ಮುಂದಿನ ಫೋಟೊ ಎತ್ತಿಕೊಂಡೆ. ಯಾಕೆಂದರೆ ಹಾಗೆ ಹೇಳುವಾಗಲೇ ನನಗೆ ಹೊಳೆದಿತ್ತು, ನನ್ನ ಪೈಪಿನ ನೆರಳು ತಪ್ಪು ಕಡೆ ಬಿದ್ದಿದೆ. ಸೈಜಿಂಗಿನಲ್ಲಿ ಕಿಟಕಿ ಎಡಕ್ಕಿತ್ತು. ನಾನು ಆ ಬೆಳಕನ್ನೇ ಬರೆದಿದ್ದೆ.

ಮೂರನೆಯ ದಿನ ಮಧ್ಯಾಹ್ನ ಅವನು ಒಂದು ಫೋಟೊ ಹಿಡಿದು ಎದ್ದು ನಿಂತ.

"ನೋಡು. ಇದು ಪೈಪ್ ಹೌದಿಲ್ಲೋ?"

ನೋಡಿದೆ. "ಅಲ್ಲ ಅಣ್ಣಾ. ಗೀರು ಅದು."

"ಸರಿಯಾಗಿ ನೋಡು."

"ಸರಿಯಾಗಿನ ನೋಡೇನಿ. ಇಂಜಿನ್ ದಾಟಿ ಆಕಾಶದಾಗೂ ಹೋಗೈತಿ. ಪೈಪ್ ಆಕಾಶಕ್ಕ ಹೋಗತೈತೇನು?"

ಅವನು ಕುಳಿತ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. "ನೀ ಹೌದಂದ್ರ ನಾ ಇದನ್ನ ಒಯ್ದು ತೋರಸ್ತೇನಿ. ನಾ ನನ್ನ ಕಣ್ಣು ನಂಬಾಂಗಿಲ್ಲ, ನಿನ್ನ ಕಣ್ಣು ನಂಬತೇನಿ. ಹೌದು ಅಂತೀಯೇನು?"

ಒಂದು ಹೌದು ಎಂದರೆ ಆಗಿಹೋಗುತ್ತಿತ್ತು. ಅಣ್ಣ ಆ ಗೀರನ್ನು ಒಯ್ದು ಆ ಸಾಹೇಬರ ಮುಂದೆ ಇಡುತ್ತಿದ್ದ, ಅವರು ಹತ್ತು ಮಂದಿಯ ಮುಂದೆ ಆಕಾಶದ ಪೈಪನ್ನು ತೋರಿಸಿ ನಗುತ್ತಿದ್ದರು. ಅದನ್ನು ನೆನೆಸಿಕೊಂಡೇ ನನಗೆ ಬಾಯಿ ಬಂತು.

"ಅಣ್ಣಾ, ಅಪ್ಪನ ಕಟ್ಟು ತಗಿ. ಅಪ್ಪನ ಮೂಗಿನ ನೆರಳು ಯಾವ ಕಡೆ ಬಿದ್ದೈತಿ?"

"ಎಡಕ್ಕ."

"ಪೈಪಿನ ನೆರಳು?"

ಅವನು ಭೂತಗನ್ನಡಿ ಹಿಡಿದ. ಬಹಳ ಹೊತ್ತು ಹಿಡಿದ. "ಬಲಕ್ಕ" ಎಂದ, ಮೆಲ್ಲಗೆ.

"ಒಂದ ಸೂರ್ಯ ಎರಡು ಕಡೆ ನೆರಳು ಹಾಕತಾನೇನು?"

"ಹಾಂಗಂದ್ರ?"

"ಅದು ನಾ ಬರದದ್ದು. ಅಲ್ಲಿ ಚಾಚಾ ನಿಂತಿದ್ರು. ಅವ್ವ ತೆಗಿ ಅಂದ್ಲು, ತೆಗದ್ನಿ. ಆ ಪೈಪ್ ಸೈಜಿಂಗಿಂದು."

ಅವನು ತಲೆ ಎತ್ತಿ ಬಾಗಿಲಿನಿಂದ ಹೊರಗೆ ನೋಡಿದ. ಲಗ್ನವಾಗಿ ನಾನು ಬಂದದ್ದೂ ಅದೇ ಓಣಿಗೆ. ಎದುರಿನ ಸೈಜಿಂಗ್ ಮುಚ್ಚಿ ಎಷ್ಟೋ ವರ್ಷವಾಗಿದೆ, ಆದರೆ ಮುರಿದ ತಗಡಿನ ಸಂದಿಯಲ್ಲಿ ಹಳೆಯ ಬಾಯ್ಲರಿನ ಪೈಪು ಇನ್ನೂ ಕಾಣುತ್ತದೆ. ಅದೇ ಬಾಗು, ಅದೇ ತಿರುಗಣಿ. ಇಪ್ಪತ್ತು ವರ್ಷ ಮುಂಬಯಿ, ಪುಣೆ, ಹುಬ್ಬಳ್ಳಿ ಎಂದು ತಿರುಗಿ ಹುಡುಕಿದ ಪೈಪು ತಂಗಿಯ ಮನೆಯ ಹೊಸ್ತಿಲಿನಿಂದ ಕಾಣುತ್ತಿತ್ತು.

"ಮೂಲ ಫೋಟೊ?"

"ಟ್ರಂಕಿನ್ಯಾಗ ಐತಿ. ಕಳದಿಲ್ಲ."

ಅಣ್ಣನಿಗೆ ಸಿಟ್ಟು ಬಂದರೆ ಕೂಗುವುದಿಲ್ಲ. ಫೋಟೊಗಳನ್ನು ಒಂದೊಂದಾಗಿ ಸಾಲಾಗಿ ಡಬ್ಬಿಗೆ ಹಾಕಿದ. ದಾರ ಕಟ್ಟಿದ. ಒಲೆಯ ಮೇಲೆ ಅನ್ನ ಆಗಿತ್ತು, ಉಣ್ಣದೆ ಹೋದ. ಟ್ರಂಕು ತೆರೆದು ತೋರಿಸು ಎಂದೂ ಕೇಳಲಿಲ್ಲ.

ಎರಡು ದಿನ ಬಿಟ್ಟು ಗಡಹಿಂಗ್ಲಜದಿಂದ ಅಣ್ಣನ ಹೆಂಡತಿ ವೈನಿಯ ಫೋನು ಬಂತು. "ಏನಾಗೇತ್ರಿ ನಿಮ್ಮಿಬ್ಬರಿಗೂ? ಮಾವನವರ ಫೋಟೊ ಗ್ವಾಡಿ ಕಡೆ ಮುಖ ಮಾಡಿ ಇಟ್ಟಾರ. ಕೇಳಿದ್ರ, ಅದರಾಗ ಇರೂದು ಇಂಜಿನ್ ಅಲ್ಲ ಸೈಜಿಂಗ್ ಅಂತಾರ. ನನಗೇನೂ ತಿಳಿಯಾಕ ಒಲ್ದು."

ನಾನು ಮರುದಿನ ಬೆಳಿಗ್ಗೆ ಮೂಲ ಫೋಟೊವನ್ನು ಎರಡು ರಟ್ಟುಗಳ ನಡುವೆ ಇಟ್ಟು, ಸೆರಗಿನಲ್ಲಿ ಸುತ್ತಿ, ಎಸ್‌.ಟಿ. ಬಸ್ಸು ಹತ್ತಿದೆ. ನಿಪ್ಪಾಣಿಯಲ್ಲಿ ಬಸ್ಸು ಬದಲಿಸುವಾಗಲೂ ಅದನ್ನು ಕಂಕುಳಿನಿಂದ ಇಳಿಸಲಿಲ್ಲ. ಅಣ್ಣ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ.

"ಬಂದೀಯೇನು. ಚಾ ಕುಡಿ" ಎಂದ. ಪೇಪರಿನಿಂದ ಕಣ್ಣು ತೆಗೆಯಲಿಲ್ಲ.

ಒಳಗೆ ಮೇಜಿನ ಮೇಲೆ ರಟ್ಟು ಬಿಚ್ಚಿದೆ. ಅವನು ಬಂದು ನೋಡಿದ. ಅಂಗೈ ಅಗಲದ ಆ ಫೋಟೊದ ಮೇಲೆ ನನ್ನ ಬೂದು ಬಣ್ಣ ಹೊಳಪಿಲ್ಲದೆ ಒಂದು ತೇಪೆಯ ಹಾಗೆ ಕೂತಿತ್ತು. ಇದನ್ನು ಒಂದು ಸಲ ಕಂಡಿದ್ದರೆ ಅವನು ಪೈಪಿನ ಮಾತನ್ನೇ ಎತ್ತುತ್ತಿರಲಿಲ್ಲ.

"ಇದನ್ನ ತೆಗಿಯಾಕ ಬರತೈತಿ" ಎಂದೆ. "ಗೋಂದಿನ ಬಣ್ಣ ಇದು, ನೀರು ತಾಕಿದ್ರ ಬಿಡತೈತಿ. ಬ್ಲೇಡಿಲೆ ಕೆರದಿಲ್ಲ ನಾ. ಆದ್ರ ನೀರು ಹೆಚ್ಚಾದ್ರ ಕೆಳಗಿನ ಫೋಟೊನೂ ಎದ್ದು ಬಂದೀತು. ಹೋದ್ರ ಹೋತು, ಮತ್ತ ಇಲ್ಲ."

ಅವನು ಒಳಕೋಣೆಗೆ ಹೋದ. ಮುಗಿಯಿತು ಎಂದುಕೊಂಡೆ. ವೈನಿಯ ಮೊಬೈಲು ಹಿಡಿದು ಹೊರಗೆ ಬಂದ. ಫೋಟೊವನ್ನು ಮುಂದೆ, ಹಿಂದೆ, ಹತ್ತಿರದಿಂದ, ಓರೆಯಾಗಿ ಏಳೆಂಟು ಸಲ ತೆಗೆದುಕೊಂಡ.

"ಇದ್ದದ್ದು ಇದ್ದಾಂಗ ಮೊದಲ ದಾಖಲೆ ಇರಬೇಕು" ಎಂದ. "ಈಗ ಮಾಡು. ನಿನ್ನ ಕೈ ಮಾಡಿದ್ದು, ನಿನ್ನ ಕೈನ ತೆಗೀಲಿ."

ವೈನಿ ನೀರು ಕಾಯಿಸಿ ಆರಿಸಿ ತಂದರು. ಬೆಂಕಿಕಡ್ಡಿಗೆ ಹತ್ತಿ ಸುತ್ತಿದೆ. ಅದ್ದಿ, ಅರಿವೆಗೆ ಒತ್ತಿ, ತೇವ ಉಳಿಯಿತೋ ಇಲ್ಲವೋ ಅನ್ನುವಷ್ಟು ಮಾಡಿಕೊಂಡು ಒಂದು ಮೂಲೆಯಲ್ಲಿ ತಾಗಿಸಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಹತ್ತಿ ಬೂದಾಯಿತು. ಕಡ್ಡಿ ಬದಲಿಸಿದೆ. ಹೀಗೆ ಒಂದು ಬೆರಳಗಲ ಮುಗಿಯಲು ಮಧ್ಯಾಹ್ನವಾಯಿತು. ನನ್ನ ತಿರುಗಣಿ ಹೋಯಿತು, ಪೈಪಿನ ಬಾಗು ಹೋಯಿತು. ಅದರ ಕೆಳಗಿನಿಂದ ಒಂದು ಟೊಪ್ಪಿಗೆ ಮೇಲೆದ್ದಿತು, ಅದರ ಕೆಳಗೆ ಬಿಳಿ ಮೀಸೆ, ಆಮೇಲೆ ಎಣ್ಣೆ ಒರೆಸುವ ಅರಿವೆ ಹಿಡಿದ ಕೈ.

ವೈನಿ ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿ, "ಅಯ್ಯ, ಯಾರೋ ಬಂದ್ರು ನೋಡ್ರಿ" ಎಂದರು, ಅಂಗಳಕ್ಕೆ ಬೀಗರು ಬಂದಂತೆ.

"ಚಾಚಾ" ಎಂದ ಅಣ್ಣ. ಮೂರು ದಿನದ ಸಿಟ್ಟು ಆ ಒಂದು ಮಾತಿನಲ್ಲಿ ಇಳಿದುಹೋದದ್ದು ನನಗೆ ಕೇಳಿಸಿತು.

ನಾನು ಅಲ್ಲಿಗೇ ನಿಲ್ಲಿಸುವವಳಿದ್ದೆ. ಚಾಚಾನ ಮೊಣಕೈಯ ಕೆಳಗೆ ಇನ್ನೂ ಸ್ವಲ್ಪ ಬಣ್ಣ ಉಳಿದಿತ್ತು. ಅದನ್ನೂ ತೆಗೆದಾಗ ಒಂದು ಲೋಹದ ಫಲಕದ ಅಂಚು ಕಾಣಿಸಿತು. ಆಗ ನೆನಪಾಯಿತು. ಚಾಚಾ ನಂಬರಿನ ಫಲಕವನ್ನು ಅರ್ಧ ಮರೆಮಾಡಿ ನಿಂತಿದ್ದರು. ಅವರನ್ನು ತೆಗೆದ ಮೇಲೆ ಉಳಿದರ್ಧ ನಂಬರನ್ನು ನಾನು ಎಲ್ಲಿಂದ ತರಬೇಕಾಗಿತ್ತು? ಅದಕ್ಕೇ ಇಡೀ ಫಲಕವನ್ನೇ ಮುಚ್ಚಿದ್ದೆ. ಅಣ್ಣ ಭೂತಗನ್ನಡಿ ಹಿಡಿದ. ಕೊನೆಯ ಎರಡು ಅಂಕಿಗಳು ಉಳಿದಿದ್ದವು. ಏಳು, ಮೂರು.

"ಎರಡ ಅಂಕಿ ಸಾಲೂದಿಲ್ಲ ತಂಗಿ" ಎಂದ. ಆದರೆ ಆಗಲೇ ಅವನ ಕೈ ಡಬ್ಬಿಯ ದಾರ ಬಿಚ್ಚುತ್ತಿತ್ತು.

ನನಗೆ ಅಂಕಿಗಳಿಗಿಂತ ಇನ್ನೊಂದು ಕಂಡಿತ್ತು. ಫಲಕದ ಕೆಳಗೆ, ಗೂಡಿನ ತಗಡಿನ ಅಂಚಿನಲ್ಲಿ ಒಂದು ತೇಪೆ. ಹರಿದ ತಗಡಿಗೆ ಬೇರೆ ತಗಡು ಕೂಡಿಸಿ ಮೊಳೆ ಹೊಡೆದಿದ್ದರು. ಐದು ಮೊಳೆ, ಮೂರನೆಯದು ಸಾಲು ಬಿಟ್ಟು ಕೆಳಗಿಳಿದಿತ್ತು. ಯಾರೋ ಗಡಿಬಿಡಿಯಲ್ಲಿ ಹೊಡೆದ ಮೊಳೆ. ಅದನ್ನು ನಾನು ಮೊದಲೇ ಎಲ್ಲೋ ಕಂಡಿದ್ದೆ. ಚಾಪೆಯ ಮೇಲೆ ಕೂತು ನೋಡಿದ ಮೂರು ದಿನಗಳಲ್ಲಿ, ಧೂಳೋ ಮೊಳೆಯೋ ಎಂದು ನಾವಿಬ್ಬರೂ ಜಗಳವಾಡಿದ್ದೆವು.

"ಜಯಸಿಂಗಪುರ ಸ್ಟೇಶನ್ನಿಂದು ತಗಿ" ಎಂದೆ. "ಬೆಲ್ಲದ ಪೆಂಟಿ ಇಟ್ಟಿದ್ರಲ್ಲ, ಅದು."

ತೆಗೆದ. ಅದೇ ಲೈನಿನ ಸ್ಟೇಶನ್ನಿನಲ್ಲಿ ಕೊಲ್ಲಾಪುರದ ಕಡೆ ಮುಖ ಮಾಡಿ ನಿಂತ ಗಾಡಿ, ಪ್ಲಾಟ್‌ಫಾರ್ಮಿನ ಮೇಲೆ ಬೆಲ್ಲದ ಪೆಂಟಿಗಳು. ಇಂಜಿನ್ನಿನ ಗೂಡಿನ ಅಂಚಿನಲ್ಲಿ ಐದು ಮೊಳೆ, ಮೂರನೆಯದು ಕೆಳಗೆ. ಮೇಲೆ ಫಲಕದಲ್ಲಿ ನಂಬರು ಪೂರ್ತಿ, ಕೊನೆಗೆ ಏಳು ಮೂರು.

ಅಣ್ಣ ಕುರ್ಚಿಯಿಂದ ಎದ್ದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಾಗಿಲಿನವರೆಗೆ ಹೋಗಿ ಮರಳಿ ಬಂದ. ಎಪ್ಪತ್ತರ ಹತ್ತಿರದ ನಿವೃತ್ತ ಹೆಡ್‌ಮಾಸ್ತರ, ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದ. ಹುಡುಗರಾಗಿದ್ದಾಗ ಗೋಲಿ ಗೆದ್ದರೆ ಹಾಗೆ ಮಾಡುತ್ತಿದ್ದ.

"ಇಪ್ಪತ್ತು ವರ್ಷ ಇಲ್ಲದ್ದನ್ನ ಹುಡಕಿದ್ನಿ. ಇದ್ದದ್ದು ನನ್ನ ಡಬ್ಬಿಯಾಗ ಇತ್ತು."

"ಅದನ್ನ ಮುಚ್ಚಿದಾಕಿ ನಾ" ಎಂದೆ.

"ಮುಚ್ಚಿದ್ದಕ್ಕ ನಿನ್ನ ಬೈಯೂದು ಐತಿ, ಆಮ್ಯಾಲ ಬೈತೇನಿ. ಮೊದಲ ಉಣ್ಣೂಣು."

ಉಂಡ ಮೇಲೆ ಇನ್ನೊಂದು ಪ್ರಶ್ನೆ ಬಂತು. ಅಪ್ಪನ ಮುಖದ ಮೇಲಿನ ಬಣ್ಣ, ಹಣೆಯ ವಿಭೂತಿ. ಇತಿಹಾಸ ಅಂದರೆ ಎಲ್ಲವನ್ನೂ ತೆಗೆಯಬೇಕು ಎಂದ ಅಣ್ಣ. ಫೈರ್‌ಮನ್ ಮಸಿಯಲ್ಲೇ ಇರುತ್ತಾನೆ. ನಾನು ಕಡ್ಡಿಗೆ ಹತ್ತಿ ಸುತ್ತಿ ಕುಳಿತೆ. ಮಸಿ ಮರಳಿ ಬಂತು, ಅಪ್ಪನ ಮುಖ ಕಪ್ಪಾಯಿತು, ಹಲ್ಲು ಬೆಳ್ಳಗೆ ಹೊಳೆಯಿತು. ಅಪ್ಪ ನಗುತ್ತಿದ್ದ ಎಂಬುದೇ ಅಣ್ಣನಿಗೆ ಗೊತ್ತಿರಲಿಲ್ಲ, ನನಗೆ ಮರೆತುಹೋಗಿತ್ತು. ನಾನು ಮುಖ ಬಿಳುಪು ಮಾಡುವಾಗ ನಗು ಮುಚ್ಚಿಹೋಗಿತ್ತು. ಹಣೆಗೆ ಬಂದಾಗ ಅಣ್ಣ ನನ್ನ ಕೈ ಹಿಡಿದ.

"ಈಬತ್ತಿ ಇರಲಿ. ಅದು ಅವ್ವ ಹಚ್ಚು ಅಂದದ್ದು."

ಪ್ರದರ್ಶನಕ್ಕೆ ಎರಡು ದಿನ ಉಳಿದಿದ್ದಾಗ ನಾವು ಕೊಲ್ಲಾಪುರಕ್ಕೆ ಹೋದೆವು. ಒಂದು ಶಾಲೆಯ ಸಭಾಗೃಹದಲ್ಲಿ ಸಾಹೇಬರು ಫೋಟೊಗಳನ್ನು ಗೋಡೆಗೆ ಹೊಂದಿಸುತ್ತಿದ್ದರು. ಅಣ್ಣ ಮೂರು ಫೋಟೊ ಮೇಜಿನ ಮೇಲೆ ಸಾಲಾಗಿ ಇಟ್ಟ. ಕಟ್ಟಿನದು, ತೊಳೆದದ್ದು, ಜಯಸಿಂಗಪುರದ್ದು. ಸಾಹೇಬರು ಕಣ್ಣಿಗೆ ಸಣ್ಣ ಕನ್ನಡಿ ಒತ್ತಿಕೊಂಡು ಮೂರನ್ನೂ ನೋಡಿದರು. ಮೊಳೆಗಳನ್ನು ಬೆರಳಿನಿಂದ ಎಣಿಸಿದರು. ಒಮ್ಮೆ ಎಣಿಸಿ ಮತ್ತೆ ಎಣಿಸಿದರು.

"ಆಣಿ ಪೈಪ್?" ಎಂದು ಕೇಳಿದರು. ಮತ್ತೆ ಆ ಪೈಪು?

ಅಣ್ಣ ನನ್ನತ್ತ ಬೆರಳು ತೋರಿಸಿದ. "ಪೈಪ್ ಹಿಚಾ" ಎಂದ. ಪೈಪು ಇವಳದು. ನನಗೆ ನೆಲ ಸೀಳಿದರೆ ಸಾಕಿತ್ತು. ಅಣ್ಣ ಇಡೀ ಕಥೆಯನ್ನು ಮರಾಠಿಯಲ್ಲಿ ಹೇಳಿದ, ಚಾಚಾನನ್ನು ಇಳಿಸಿದ್ದು, ಸೈಜಿಂಗ್, ನೆರಳು. ಸಾಹೇಬರು ಮೊದಲು ಗಂಭೀರವಾಗಿ ಕೇಳಿದರು. ಸೈಜಿಂಗಿಗೆ ಬಂದಾಗ ಕುರ್ಚಿಗೆ ಒರಗಿ ಕಣ್ಣೀರು ಬರುವವರೆಗೆ ನಕ್ಕರು. ಆಮೇಲೆ ಗೋಡೆಯ ನಟ್ಟನಡುವೆ ಇದ್ದ ತಮ್ಮದೇ ಒಂದು ಫೋಟೊವನ್ನು ಇಳಿಸಿ ಮೂಲೆಗೆ ಇಟ್ಟು, ಅಲ್ಲಿ ಅಪ್ಪ ಮತ್ತು ಚಾಚಾನ ಫೋಟೊ ಹಾಕಿಸಿದರು. ಕೆಳಗೆ ಇಂಜಿನ್ನಿನ ಪೂರ್ತಿ ನಂಬರು ಬರೆಸಿದರು.

ಇಳಿಸಿದ ಫೋಟೊ ಅವರಿಗೆ ಬಹಳ ಪ್ರೀತಿಯದು. ಸೇತುವೆಯ ಮೇಲೆ ಹೋಗುವ ಗಾಡಿ, ಹಿಂದೆ ಆಕಾಶದ ತುಂಬ ಹೊಗೆ. ಅದನ್ನು ನನ್ನ ಕೈಗೆ ಕೊಟ್ಟು, "ತಾಈ, ಹೇ ಬಘಾ" ಎಂದರು. ಅಕ್ಕಾ, ಇದನ್ನು ನೋಡಿ.

ಕಿಟಕಿಗೆ ಒಯ್ದು ಓರೆ ಹಿಡಿದೆ. ಹೇಳಲೋ ಬೇಡವೋ ಎಂದು ಅಣ್ಣನ ಮುಖ ನೋಡಿದೆ. ಈ ಸಲ ಸುಮ್ಮನಿರಬಾರದು ಅನ್ನಿಸಿತು.

"ಸಾಹೇಬ, ಗಾಡಿ ಖರೀ ಆಹೇ" ಎಂದೆ. ಗಾಡಿ ನಿಜದ್ದು. "ಧೂರ ಬ್ರಶ್‌ಚಾ ಆಹೇ." ಹೊಗೆ ಕುಂಚದ್ದು. ಗಾಳಿಗೆ ಗಾರ್ಡಿನ ನಿಶಾನೆ ಒಂದು ಕಡೆ ಹಾರುತ್ತಿತ್ತು, ಹೊಗೆ ಇನ್ನೊಂದು ಕಡೆ ಹೋಗುತ್ತಿತ್ತು. ಯಾವುದೋ ಊರಿನ ಯಾವುದೋ ಸ್ಟುಡಿಯೋದಲ್ಲಿ ನನ್ನಂಥವರೇ ಒಬ್ಬರು ಕೂತು ಬರೆದಿದ್ದರು. ಒಳ್ಳೆಯ ಕೈ.

ಸಾಹೇಬರು ನಿಶಾನೆಯನ್ನೂ ಹೊಗೆಯನ್ನೂ ನೋಡಿದರು. ಈಗ ನಗುವ ಸರದಿ ಅಣ್ಣನದು. ಅಷ್ಟು ದೊಡ್ಡ ಸಭಾಗೃಹದಲ್ಲಿ ಅವನ ನಗು ಹೊರಗೆ ರಸ್ತೆಗೂ ಕೇಳಿಸಿರಬೇಕು. ಸಾಹೇಬರೂ ಸೇರಿಕೊಂಡರು. ಆಮೇಲೆ ನನಗೆ ಕುರ್ಚಿ ತರಿಸಿ, ಗೋಡೆಯ ಮೇಲಿನ ಪ್ರತಿಯೊಂದು ಫೋಟೊವನ್ನೂ ಒಂದೊಂದಾಗಿ ನನ್ನ ಮುಂದೆ ಇಟ್ಟರು. ಸಂಜೆಯವರೆಗೆ ನೋಡಿದೆ. ಹನ್ನೊಂದರಲ್ಲಿ ಬಣ್ಣ ಸಿಕ್ಕಿತು. ಆ ಹನ್ನೊಂದರ ಕೆಳಗೂ ಅವರು ಅದನ್ನು ಬರೆಸಿದರು. ನಾಲ್ಕನೆಯ ಇಯತ್ತೆಯವಳು ಹೇಳಿದ್ದನ್ನು ಇಂಜಿನಿಯರ್ ಸಾಹೇಬರು ಬರೆಸುತ್ತಿದ್ದರು, ಹೆಡ್‌ಮಾಸ್ತರ ಪಕ್ಕದಲ್ಲಿ ನಿಂತು ಅಕ್ಷರ ತಿದ್ದುತ್ತಿದ್ದ. ನನ್ನ ಜನ್ಮದಲ್ಲಿ ಅಂಥ ದಿನ ಬೇರೆ ಇಲ್ಲ.

ಮುಂದಿನ ತಿಂಗಳು ಅಣ್ಣ ಅದೇ ಮರಾಠಿ ಮಾಸಿಕದಲ್ಲಿ ತಿದ್ದುಪಡಿ ಬರೆದ. ಅದನ್ನು ನಾನು ಅಕ್ಷರ ಕೂಡಿಸಿಕೊಂಡು ಓದಿದೆ. ಪೈಪಿನ ಲೇಖನ ತಪ್ಪು, ಆ ತಪ್ಪು ತನ್ನದು, ನೆರಳನ್ನು ತಾನೇ ಮೊದಲು ನೋಡಬೇಕಾಗಿತ್ತು, ಸರಿಯಾದದ್ದನ್ನು ತೋರಿಸಿದವಳು ತನ್ನ ತಂಗಿ ಎಂದು ಬರೆದಿದ್ದ. ಫೋಟೊ ಕಳೆಯಿತು ಎಂದು ನಾನು ಹೇಳಿದ ಸುಳ್ಳಿನ ಮಾತೇ ಅದರಲ್ಲಿರಲಿಲ್ಲ. ಇಪ್ಪತ್ತು ವರ್ಷ ಗೊತ್ತಿದ್ದೂ ಸುಮ್ಮನಿದ್ದದ್ದೂ ಇರಲಿಲ್ಲ.

ಫೋನು ಮಾಡಿ ಕೇಳಿದೆ. "ಯಾಕ ಬಿಟ್ಟಿ ಅದನ್ನ?"

"ಅದು ಇಂಜಿನ್ನಿನ ಮಾಸಿಕ" ಎಂದ. "ಮನಿ ಮಾತು ಅದರಾಗ ಯಾಕ?"

ಅವನು ಬಿಟ್ಟದ್ದನ್ನು ನಾನು ಇಲ್ಲಿ ಬರೆದಿದ್ದೇನೆ. ಬರೆದು ಮುಗಿಸಿ ಅವನಿಗೇ ಓದಲು ಕಳಿಸಿದೆ. ಜಯಸಿಂಗಪುರದ ಇಂಜಿನ್ನಿಗೆ ನಾನು ಎರಡು ಗಾಲಿ ಕಡಿಮೆ ಎಣಿಸಿದ್ದೆನಂತೆ, ಆ ಸಾಲನ್ನು ಹೊಡೆದುಹಾಕಿದ. ಉಳಿದದ್ದಕ್ಕೆ ಕೈ ಹಚ್ಚಲಿಲ್ಲ.